ಹುಡುಗಿಯರು ತರುವ ನೀರು

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯಾಕೆ ಸಂಡಿಗೆ ಹಾಕಲು ಹಳೆಯ ಬಟ್ಟೆ ಕೇಳಿಕೊಂಡು ಬಂದಳು. ಟ್ರಂಕು ತೆಗೆದು ತಡಕಾಡಿದಾಗ ಮಡಿಕೆ ಹಾಕಿದ ದಪ್ಪ ಬಿಳಿ ಬಟ್ಟೆಯೊಂದು ಕೈಗೆ ಸಿಕ್ಕಿತು. ಬಿಚ್ಚಿಯೂ ನೋಡದೆ ಕೊಟ್ಟುಬಿಟ್ಟೆ. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲಿಂದ ಆಕೆಯ ದನಿ ಬಂತು.

"ಅಕ್ಕೋರ, ಇದರ ಮ್ಯಾಲೆ ಗುಡ್ಡ ಅದಾವು, ಮಾಡ ಅದಾವು. ಹಿಟ್ಟ ಹಾಕ್ಲ್ಯೋ ಬ್ಯಾಡೋ?"

ಹೋಗಿ ನೋಡಿದರೆ ಶಾಲೆಯಲ್ಲಿ ಪಾಠಕ್ಕೆ ತೂಗುಹಾಕುತ್ತಿದ್ದ ಜಲಚಕ್ರದ ಚಿತ್ರ. "ಹಾಕವಾ, ಸಮುದ್ರದಿಂದ ಸುರು ಮಾಡು" ಎಂದು ಹೇಳಿ ಕೆಳಗಿಳಿದು ಬಂದೆ.

ಆ ಚಿತ್ರ ಬರೆದವಳು ನಾನೇ. ಎಡಕ್ಕೆ ನೀಲಿ ಸಮುದ್ರ, ಅದರಲ್ಲೊಂದು ಹಾಯಿದೋಣಿ. ಬಲಕ್ಕೆ ನೆತ್ತಿಯ ಮೇಲೆ ಹಿಮ ಹೊತ್ತ ಮೂರು ಪರ್ವತ. ನಡುವೆ ಮೋಡ, ಮಳೆ, ಹೊಳೆ. ಎಲ್ಲವನ್ನೂ ಕೂಡಿಸುವ ಕೆಂಪು ಬಾಣಗಳು. ಸಮುದ್ರದ ದಂಡೆಯಲ್ಲಿ ಒಂದು ತೆಂಗಿನಮರವನ್ನೂ ನಿಲ್ಲಿಸಿದ್ದೆ. ಆ ಚಿತ್ರ ಬರೆಯುವ ಕಾಲಕ್ಕೆ ನಾನು ಸಮುದ್ರ ನೋಡಿರಲಿಲ್ಲ, ಹಿಮವನ್ನಂತೂ ಇವತ್ತಿಗೂ ನೋಡಿಲ್ಲ. ನಾನು ಕಂಡಿದ್ದ ದೊಡ್ಡ ನೀರೆಂದರೆ ವಿಜಾಪುರದ ಬೇಗಂ ತಲಾಬ್. ಅದೂ ವರ್ಷದಲ್ಲಿ ಅರ್ಧ ಕೆಸರು. ನೋಡದೇ ಇದ್ದುದನ್ನು ಬಣ್ಣ ಹಾಕಿ ಬರೆಯುವುದಕ್ಕೆ ಧೈರ್ಯ ಬೇಕು. ಬರೆದದ್ದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದಕ್ಕೆ ಧೈರ್ಯ ಸಾಲದು, ದಡ್ಡತನವೂ ಬೇಕು. ನನ್ನಲ್ಲಿ ಎರಡೂ ಧಾರಾಳವಾಗಿದ್ದವು.

ಇದರಲ್ಲಿ ನನ್ನ ಊರಿನದೂ ಸ್ವಲ್ಪ ತಪ್ಪಿದೆ. ನೀರಿನ ವಿಷಯ ಬಂದರೆ ವಿಜಾಪುರದವರಿಗೆ ಒಂದು ಹಳೆಯ ಜಂಭ. ಸುಲ್ತಾನರ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು, ಇಳಿಜಾರು ನೋಡಿ, ಎತ್ತು ಕಟ್ಟದೆ ಕಪಿಲೆ ಹೂಡದೆ ನೀರನ್ನು ಊರೊಳಗೆ ನಡೆಸಿಕೊಂಡು ಬಂದಿದ್ದರಂತೆ. ಆ ನೀರಿನ ರಭಸ ತಗ್ಗಿಸಲು ಅಲ್ಲಲ್ಲಿ ಕಲ್ಲಿನ ಗೋಪುರ ಕಟ್ಟಿದ್ದರು. ಅವಕ್ಕೆ ಗಂಜ್ ಅನ್ನುತ್ತಾರೆ. ನಮ್ಮ ಓಣಿಯ ತುದಿಯಲ್ಲೂ ಒಂದು ಗಂಜ್ ಇತ್ತು. ನನ್ನ ಕಾಲಕ್ಕೆ ಅದರಲ್ಲಿ ಒಂದು ಹನಿ ನೀರೂ ಇರಲಿಲ್ಲ. ಹೊರಮೈಗೆ ಕುಳ್ಳು ತಟ್ಟುತ್ತಿದ್ದರು, ನೆರಳಲ್ಲಿ ಆಡುಗಳು ಮಲಗುತ್ತಿದ್ದವು. ಆದರೂ ನಮ್ಮ ಆಯಿ, ಅಂದರೆ ನಮ್ಮಪ್ಪನ ತಾಯಿ, ನಲ್ಲಿಯ ಮುಂದೆ ಕೊಡ ಸಾಲಿಗಿಟ್ಟು ಕೂತಾಗ ಆ ಒಣ ಗೋಪುರದ ಕಡೆ ಕೈ ತೋರಿಸಿ, "ಇದು ಬಾದಶಹಾ ಕುಡದ ನೀರಿನ ಊರು. ಹಳ್ಳ್ಯಾಗಿನ್ನವರಿಗೆ ಏನ ಗೊತ್ತಾಕೈತಿ" ಅನ್ನುತ್ತಿದ್ದಳು. ನಲ್ಲಿ ಬುಸ್ ಎಂದು ಗಾಳಿ ಬಿಡುತ್ತಿತ್ತು. ಆಯಿ ಕಾಯುತ್ತ ಕೂತಿರುತ್ತಿದ್ದಳು. ಜಂಭಕ್ಕೆ ನೀರು ಬೇಕಾಗಿಯೇ ಇಲ್ಲ ಎಂಬುದನ್ನು ನಾನು ಕಲಿತದ್ದು ಆಕೆಯಿಂದಲೇ.

ಆ ಜಂಭವನ್ನೂ, ಟ್ರೇನಿಂಗಿನಲ್ಲಿ ವಿಜ್ಞಾನಕ್ಕೆ ಬಂದ ಮೊದಲ ದರ್ಜೆಯನ್ನೂ ಕಟ್ಟಿಕೊಂಡು ನಾನು ತಿಕೋಟಾದ ಶಾಲೆಗೆ ಕೆಲಸಕ್ಕೆ ಸೇರಿದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ದಿನಾ ವಿಜಾಪುರದಿಂದ ಬಸ್ಸು. ಕಿಟಕಿಯ ಪಕ್ಕ ಕೂತು, ದಾರಿಯ ಜೋಳದ ಹೊಲಗಳನ್ನೂ ಅಲ್ಲೊಂದು ಇಲ್ಲೊಂದು ದ್ರಾಕ್ಷಿ ತೋಟವನ್ನೂ ನೋಡುತ್ತ, ಈ ಜನಕ್ಕೆ ವಿಜ್ಞಾನ ಕೊಡಲು ಹೊರಟಿದ್ದೇನೆ ಎಂದುಕೊಳ್ಳುತ್ತಿದ್ದೆ. ಇಳಿಯುವಾಗ ಸೀರೆಗೆ ಧೂಳು ಹತ್ತಿದ್ದಕ್ಕೆ ಅದೇ ಜನರನ್ನು ಬೈದುಕೊಳ್ಳುತ್ತಿದ್ದೆ.

ಶಾಲೆಯ ಪಡಸಾಲೆಯಲ್ಲಿ ಎರಡು ದೊಡ್ಡ ಮಣ್ಣಿನ ಹರವಿಗಳಿದ್ದವು. ಒಂದು ಮಕ್ಕಳಿಗೆ. ಇನ್ನೊಂದು ಮಾಸ್ತರರಿಗೆ, ಅದಕ್ಕೆ ಮುಚ್ಚಳವಿತ್ತು, ಮೇಲೆ ಹಿತ್ತಾಳೆ ಗ್ಲಾಸು ಬೋರಲು ಹಾಕಿರುತ್ತಿದ್ದರು. ನೀರು ಸದಾ ತಣ್ಣಗೆ, ಸಿಹಿಯಾಗಿ ಇರುತ್ತಿತ್ತು. ಮಧ್ಯಾಹ್ನದ ಬಿಡುವಿನ ನಂತರದ ಮೊದಲ ತಾಸು ನನ್ನದು, ಏಳನೇ ವರ್ಗಕ್ಕೆ ವಿಜ್ಞಾನ. ಆ ತಾಸಿನಲ್ಲಿ ಹುಡುಗರ ಸಾಲು ತುಂಬಿರುತ್ತಿತ್ತು. ಹುಡುಗಿಯರ ಕಡೆ ಚಾಪೆ ಖಾಲಿ. ಅರ್ಧ ತಾಸು ಮುಗಿದ ಮೇಲೆ ಏಳೆಂಟು ಹುಡುಗಿಯರು ಒದ್ದೆ ಕುಪ್ಪಸದಲ್ಲಿ ಬಂದು ಗೋಡೆಗೆ ಒತ್ತಿ ಕೂಡುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದು ನಾನು ಒಂದೂವರೆ ವರ್ಷ ಕೇಳಲಿಲ್ಲ. ಹಳ್ಳಿಯ ಹುಡುಗಿಯರು, ಊಟಕ್ಕೆ ಹೋದವರು ತಡ ಮಾಡುತ್ತಾರೆ ಎಂದುಕೊಂಡಿದ್ದೆ. ಹರವಿ ತುಂಬುತ್ತಿತ್ತು, ನಾನು ಕುಡಿಯುತ್ತಿದ್ದೆ. ಎರಡಕ್ಕೂ ಏನಾದರೂ ಸಂಬಂಧ ಇದ್ದೀತು ಎಂದು ವಿಜ್ಞಾನದಲ್ಲಿ ಮೊದಲ ದರ್ಜೆಯ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೀಗಿರುವಾಗ ಪರೀಕ್ಷೆ ಬಂತು. ನಾನೊಂದು ಹತ್ತು ಅಂಕದ ಪ್ರಶ್ನೆ ಕೊಟ್ಟಿದ್ದೆ: ನಮಗೆ ಸಿಹಿನೀರು ಎಲ್ಲಿಂದ ಬರುತ್ತದೆ, ಅದು ಹೇಗೆ ಚಲಿಸುತ್ತದೆ? ಹುಡುಗರೆಲ್ಲ ನನ್ನ ಸಮುದ್ರವನ್ನು ನನ್ನ ಮಾತಿನಲ್ಲೇ ಕಕ್ಕಿದ್ದರು. ಸೂರ್ಯನ ಶಾಖಕ್ಕೆ ಆವಿ, ಆವಿಯಿಂದ ಮೋಡ, ಮೋಡ ಪರ್ವತಕ್ಕೆ ತಾಗಿ ಮಳೆ. ಒಬ್ಬ ಹಾಯಿದೋಣಿಯನ್ನೂ ಬಿಟ್ಟಿರಲಿಲ್ಲ. ಲಾಲಬಿ ಎಂಬ ಹುಡುಗಿಯ ಹಾಳೆಯಲ್ಲಿ ಮಾತ್ರ ಎರಡೇ ಸಾಲು ಇತ್ತು.

"ಸಿಹಿನೀರು ಹಳ್ಳದ ಬಾವಿಯಿಂದ ಬರುತ್ತದೆ. ಅದನ್ನು ಹುಡುಗಿಯರು ತರುತ್ತಾರೆ."

ನನಗೆ ಬಹಳ ನಗು ಬಂತು. ಒಬ್ಬಳೇ ನಕ್ಕರೆ ಸಾಲದು ಅನ್ನಿಸಿ, ಮರುದಿನ ಅದನ್ನು ವರ್ಗದಲ್ಲಿ ಗಟ್ಟಿಯಾಗಿ ಓದಿದೆ. ಎರಡು ಸಲ ಓದಿದೆ. ಹುಡುಗರು ನೆಲ ಬಡಿದು ನಕ್ಕರು. ಬಾಗಿಲಲ್ಲಿ ಹಾದು ಹೋಗುತ್ತಿದ್ದ ಹೆಡ್‌ಮಾಸ್ತರರು ನಿಂತು, ಏನೆಂದು ಕೇಳಿ, ಅವರೂ ಹೊಟ್ಟೆ ಹಿಡಿದುಕೊಂಡರು. ಕಂಪಾಸಿನಿಂದ ಬರೆದಷ್ಟು ದುಂಡಗಿನ ಸೊನ್ನೆ ಹಾಕಿ ಹಾಳೆಯನ್ನು ಲಾಲಬಿಯ ಕೈಗೆ ಕೊಟ್ಟೆ. ಅವಳು ಅಳಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಾಟೀಚೀಲದಲ್ಲಿ ಇಟ್ಟುಕೊಂಡಳು. ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಸೋಮವಾರ ಮಧ್ಯಾಹ್ನ ಒಬ್ಬ ಹೆಂಗಸು ಪಡಸಾಲೆಯ ಮೆಟ್ಟಿಲ ಕೆಳಗೆ ಬಂದು ನಿಂತಳು. ತೋಟದ ಕೆಲಸದಿಂದ ನೇರವಾಗಿ ಬಂದಿದ್ದಳು. ಸೀರೆಯ ನೆರಿಗೆಗೆ ಮಣ್ಣು ಮೆತ್ತಿತ್ತು. ಕೈಯಲ್ಲಿ ಅದೇ ಹಾಳೆ.

"ಅಕ್ಕೋರ, ನಾ ಲಾಲಬಿ ತಾಯಿ ಅದೇನ್ರಿ, ಹಾಜ್ರಾಬಿ."

"ಮಗಳನ್ನ ಯಾಕ ಕಳಸವಲ್ಲಿ?" ಎಂದೆ. ಏಕವಚನ ನನ್ನ ಬಾಯಲ್ಲಿ ತಾನಾಗಿಯೇ ಬಂತು.

"ಕಳಸೂದ್ರ ಸಲುವಾಗಿನ ಬಂದೇನ್ರಿ. ಮೊದಲ ಒಂದ ಮಾತ ಕೇಳೂದೈತಿ. ನನಗ ಓದಾಕ ಬರೂದಿಲ್ಲ. ಟೇಲರ್ ಕಡೆ ಓದಿಸಿದ್ನಿ. ಇದರಾಗ ತಪ್ಪ ಏನೈತ್ರಿ?"

"ತಪ್ಪ ಏನೈತಿ ಅಂದ್ರ? ನೀರ ಎಲ್ಲಿಂದ ಬರ್ತೈತಿ ಅಂತ ಕೇಳೇನಿ. ಸಮುದ್ರದ ನೀರು ಆವಿ ಆಗಿ ಮ್ಯಾಲೆ ಹೋಗಿ..."

"ಸಮುದ್ರ ಎಲ್ಲೈತ್ರಿ?"

"ದೂರ ಐತಿ."

"ಇರಲಿ ಬಿಡ್ರಿ. ನಿಮ್ಮ ಹರವ್ಯಾಗಿನ ನೀರ ಎಲ್ಲಿಂದ ಬಂದಾವ್ರಿ?"

"ಹಳ್ಳದ ಬಾವಿಯಿಂದ ಇರಬೇಕು."

"ಯಾರ ತಂದಾರ್ರಿ?"

ನಾನು ಹರವಿಯ ಕಡೆ ನೋಡಿದೆ. ಹಾಜ್ರಾಬಿ ದನಿ ಎತ್ತಲಿಲ್ಲ. ನನ್ನಷ್ಟು ಕಲಿತವರ ಹತ್ತಿರ ಮಾತಾಡುವಾಗ ಇಷ್ಟು ನಿಧಾನ ಬೇಕೆಂದು ಯಾರೋ ಹೇಳಿಕೊಟ್ಟಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಅಕಿ ಅದನ್ನ ಬರದಾಳ್ರಿ. ನೀವು ಸಮುದ್ರದ ಪಾಠ ಹೇಳೂ ಮುಂದ ಅಕಿ ಎಲ್ಲಿದ್ಲು ಅಂತೀರಿ? ನಿಮಗ ನೀರ ತರಾಕ ಹೋಗಿದ್ಲು. ಆರನೇತ್ತ, ಏಳನೇತ್ತ ಹೆಣ್ಣ ಹುಡುಗ್ಯಾರೆಲ್ಲಾ ದಿನಾ ಎರಡ ಖೇಪ ಹೊರತಾರ. ಮನ್ಯಾಗೂ ಹೊರತಾಳ, ಸಾಲ್ಯಾಗೂ ಹೊರತಾಳ. ಹೊರೂದ ಕಲೀಬೇಕಂದ್ರ ಅದಕ್ಕ ಸಾಲಿ ಯಾಕ ಬೇಕ್ರಿ? ಮನ್ಯಾಗ ಇರವಲ್ಲಳ್ಯಾಕ."

ನಿಜ ಹೇಳುತ್ತೇನೆ, ಆಗ ನನಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ನಾಚಿಕೆಗೆ ನನ್ನಲ್ಲಿ ಸುಲಭವಾಗಿ ಜಾಗ ಸಿಗುತ್ತಿರಲಿಲ್ಲ. "ಏನರ ವ್ಯವಸ್ಥಾ ಮಾಡ್ತೇನಿ, ನಾಳೆ ಕಳಸು" ಎಂದೆ.

"ವ್ಯವಸ್ಥಾ ಆಗಲ್ರಿ. ಆಮ್ಯಾಲ ಕಳಸ್ತೇನಿ" ಎಂದು ಹೇಳಿ ಆಕೆ ಹೊರಟುಹೋದಳು. ಹಾಳೆಯನ್ನು ನನ್ನ ಕೈಗೇ ಕೊಟ್ಟು ಹೋದಳು.

ಹೆಡ್‌ಮಾಸ್ತರರ ಮುಂದೆ ವಿಷಯ ಇಟ್ಟೆ. ಅವರು ಯೋಚಿಸುವಾಗ ಮೂಗಿನ ತುದಿ ಹಿಡಿದುಕೊಳ್ಳುತ್ತಿದ್ದರು. ಆ ದಿನ ಬಹಳ ಹೊತ್ತು ಹಿಡಿದುಕೊಂಡಿದ್ದು ಕೊನೆಗೆ, "ಸಾಲ್ಯಾಗನ ಒಂದ ಬಾವಿ ತೋಡಸೂಣು ಬಿಡ್ರಿ ಅಕ್ಕೋರ" ಎಂದರು. ನೋಡಿ, ಗಂಡುಹುಡುಗರ ಕೈಗೆ ಕೊಡ ಕೊಡುವುದಕ್ಕಿಂತ ಕರಿಕಲ್ಲಿನ ನೆಲ ಬಗೆಯುವುದು ಅವರಿಗೆ ಸುಲಭವಾಗಿ ಕಂಡಿತ್ತು. ನನಗೂ ಹಾಗೇ ಕಂಡಿತು. ಊರ ಹಿರಿಯರೂ ಒಪ್ಪಿದರು. ಹುಡುಗಿಯರ ತಲೆಯಿಂದ ಕೊಡ ಇಳಿಸಲು ಇಡೀ ಊರು ನೆಲ ಅಗೆಯಲು ತಯಾರಾಯಿತು.

ಜಾಗ ಎಲ್ಲಿ ಎಂಬ ಪ್ರಶ್ನೆ ಬಂದಾಗ ನಾನು ಮುಂದೆ ಬಿದ್ದೆ. ನೀರು ತಗ್ಗಿಗೆ ಹರಿಯುತ್ತದೆ, ಆದ್ದರಿಂದ ಆವರಣದ ತಗ್ಗಿನ ಮೂಲೆಯಲ್ಲಿ, ಬೇವಿನ ಮರದ ಹತ್ತಿರ ತೋಡಬೇಕು ಎಂದು ಎಲ್ಲರ ಎದುರು ಭಾಷಣ ಮಾಡಿದೆ. ಹೆಡ್‌ಮಾಸ್ತರರಿಗೆ ಪುಸ್ತಕದ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಅವರು ಬಬಲೇಶ್ವರದ ಕಡೆಯಿಂದ ನೀರು ತೋರಿಸುವವನೊಬ್ಬನನ್ನು ಕರೆಸಿದರು. ಕೆಂಪು ರುಮಾಲು, ಹಣೆ ತುಂಬ ಭಂಡಾರದ ಅರಿಶಿನ, ಅಂಗೈಯ ಮೇಲೆ ಒಂದು ತೆಂಗಿನಕಾಯಿ. ಆ ಕಾಯಿಯನ್ನು ಅಡ್ಡ ಮಲಗಿಸಿಕೊಂಡು ಆವರಣವೆಲ್ಲ ತಿರುಗಾಡಿದ. ನೀರಿದ್ದ ಕಡೆ ಅದು ತಾನಾಗಿ ಎದ್ದು ನಿಲ್ಲುತ್ತದಂತೆ. ನಾನು ಕಿಟಕಿಯಲ್ಲಿ ನಿಂತು, ಇಂಥ ಮೂಢರ ನಡುವೆ ಬಂದು ಬಿದ್ದೆನಲ್ಲ ಎಂದು ತುಟಿ ಕೊಂಕಿಸುತ್ತಿದ್ದೆ. ಅವನು ಎಲ್ಲ ಕಡೆ ಸುತ್ತಿ, ಚಹಾ ಕುಡಿದು, ಜನ ಏನು ಮಾತಾಡಿಕೊಳ್ಳುತ್ತಿದ್ದಾರೆ ಎಂದು ಕೇಳಿಸಿಕೊಂಡು, ಕೊನೆಗೆ ಬೇವಿನ ಮರದ ಹತ್ತಿರ ಹೋದ. ಕಾಯಿ ಎದ್ದು ನಿಂತಿತು.

"ಅಕ್ಕೋರ ಪುಸ್ತಕಾನೂ ಇದನ್ನ ಹೇಳೇತಿ, ನನ್ನ ಕಾಯಿನೂ ಇದನ್ನ ಹೇಳೇತಿ" ಎಂದು ನನಗೆ ಕೈಮುಗಿದ. ನನ್ನ ಜೀವಮಾನದಲ್ಲಿ ಅಂಥ ಅವಮಾನ ಇನ್ನೊಂದಾಗಿಲ್ಲ. ತೆಂಗಿನಕಾಯಿ ನನ್ನನ್ನು ಒಪ್ಪಿಕೊಂಡಿತ್ತು.

ತೋಡುವ ಕೆಲಸ ಎರಡು ವಾರ ನಡೆಯಿತು. ಮೊದಲು ಕಪ್ಪು ಮಣ್ಣು, ಆಮೇಲೆ ಪುಡಿಕಲ್ಲಿನ ಗರಸು, ಆಮೇಲೆ ಹಾರೆ ಹಾಕಿದರೆ ಕಂಚಿನ ತಟ್ಟೆಯಂತೆ ಝಣಝಣ ಅನ್ನುವ ಕರಿ ಬಂಡೆ. ಬಂಡೆಯನ್ನೂ ಸ್ವಲ್ಪ ಒಡೆದರು. ಒಳಗೆ ಇನ್ನಷ್ಟು ಬಂಡೆ ಇತ್ತು. ನೀರು ತೋರಿಸುವವನನ್ನು ಮತ್ತೆ ಕರೆಸಿದರು. ಅವನು ಗುಂಡಿಯ ದಂಡೆಯಲ್ಲಿ ಕೂತು ಬಹಳ ಹೊತ್ತು ಕೆಳಗೆ ನೋಡಿದ.

"ನೀರ ಇತ್ರಿ. ಸರದೈತಿ" ಎಂದ.

"ಎಲ್ಲಿಗೆ ಸರದೈತಿ?" ಎಂದು ಹೆಡ್‌ಮಾಸ್ತರರು ಕೇಳಿದರು.

"ಅದ ಅದರ ಮರ್ಜಿರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಪುಸ್ತಕ ಏನು ಹೇಳುತ್ತದೆ ಎಂದು ತಿಳಿಯಬೇಕಾಗಿತ್ತು. ನಾಚಿಕೆಯಾದರೂ ಹೇಳುತ್ತೇನೆ, ನನ್ನ ನಾಲಗೆಯ ತುದಿಗೆ ಬಂದ ಮಾತೂ ಅದೇ: ನೀರು ಸರಿದಿದೆ. ಟ್ರೇನಿಂಗು, ಮೊದಲ ದರ್ಜೆ, ಬಾದಶಹರ ಊರು, ಎಲ್ಲ ಕೂಡಿ ನನ್ನನ್ನು ತಂದು ನಿಲ್ಲಿಸಿದ್ದು ಭಂಡಾರ ಹಚ್ಚಿಕೊಂಡ ಆ ಮನುಷ್ಯನ ಪಕ್ಕದಲ್ಲಿ. ಅವನಿಗಾದರೂ ಹೋಗುವಾಗ ತೆಂಗಿನಕಾಯಿ ಉಳಿಯಿತು.

ಮರುದಿನ ತೋಟಕ್ಕೆ ಹೋಗುವ ದಾರಿಯಲ್ಲಿ ಹಾಜ್ರಾಬಿ ಗುಂಡಿ ನೋಡಲು ಬಂದಳು. ಊರಲ್ಲಿ ಎಲ್ಲರೂ ಬಂದು ನೋಡಿ ಹೋಗುತ್ತಿದ್ದರು. ನಾನು ಅಲ್ಲೇ ಇದ್ದೆ.

"ಅಕ್ಕೋರ, ಹಳ್ಳದ ಬಾವಿ ಬತ್ತಿಲ್ಲಲ್ರಿ?"

"ಇಲ್ಲ."

"ಮತ್ತ ಇದನ್ನ್ಯಾಕ ತೋಡಿದ್ರಿ? ನೀರಿಗೆ ಏನ ಬರಗಾಲ ಇರಲಿಲ್ಲ. ನಾ ಕೇಳಿದ್ದು ಬ್ಯಾರೆ. ಗಂಡ ಹುಡುಗೋರಿಗೆ ತೆಲಿ ಇಲ್ಲೇನ್ರಿ, ಕೊಡ ಹೊರಾಕ?"

ಮೊದಲ ದಿನವೇ ಆಕೆ ಕೇಳಿದ್ದು ಇದನ್ನೇ. ಅದು ನನ್ನ ಕಿವಿಗೆ ಬೀಳಬೇಕಾದರೆ ನಡುವೆ ಒಂದು ಗುಂಡಿ ಬೇಕಾಯಿತು.

ಹೆಡ್‌ಮಾಸ್ತರರ ಹತ್ತಿರ ಹೋಗಿ, ಹುಡುಗರೂ ಹುಡುಗಿಯರೂ ಪಾಳಿಯ ಮೇಲೆ ನೀರು ತರಲಿ ಎಂದೆ. ಅವರು ಮೂಗಿನ ತುದಿ ಬಿಟ್ಟರು. "ಗಂಡ ಹುಡುಗೋರ ತೆಲಿ ಮ್ಯಾಲೆ ಕೊಡ ಇಟ್ರ ನಾಳೆ ಅವರ ಅಪ್ಪಗೋಳು ಬಂದ ನನ್ನ ತೆಲಿ ಮ್ಯಾಲೆ ಇಡ್ತಾರ. ಯಾರ ಹೊರತಾರ ಹೇಳ್ರಿ?"

"ಹಂಗಾರ ನಾಳಿಂದ ನಾ ಹೊರತೇನಿ" ಎಂದುಬಿಟ್ಟೆ. ಸಿಟ್ಟಿನಲ್ಲಿ ಆಡಿದ ಮಾತು. ಆಡಿದ ಮೇಲೆ ತಿನ್ನಲು ಬರಲಿಲ್ಲ.

ಮರುದಿನ ಮಧ್ಯಾಹ್ನ ಕೊಡ ಹಿಡಿದು ಹುಡುಗಿಯರ ಜೊತೆ ಹೊರಟೆ. ಹಳ್ಳದ ಬಾವಿ ಅರ್ಧ ಮೈಲು. ಓಣಿಯ ಬಾವಿ ಹತ್ತಿರವಿದ್ದರೂ ಅದರ ನೀರು ಉಪ್ಪು, ಕುಡಿಯಲು ಬರುತ್ತಿರಲಿಲ್ಲ. ಬಾವಿಗೆ ಕಲ್ಲಿನ ಮೆಟ್ಟಿಲು. ಇಳಿದು ನೀರಿನ ಮಟ್ಟದಲ್ಲಿ ಕೂತಾಗ, ನನಗಿಂತ ಮೊದಲು ಇಳಿದಿದ್ದ ಹುಡುಗಿಯೊಬ್ಬಳು, "ಅಕ್ಕೋರ, ಕೊಡ ಅಲ್ಲಿ ಹಿಡೀರಿ, ಅದು ಹೊಸಾ ನೀರು" ಎಂದು ಗೋಡೆ ತೋರಿಸಿದಳು. ನೋಡಿದೆ. ಕೆಳಗೆ ಕರಿ ಬಂಡೆ, ಮೇಲೆ ಗರಸು. ಎರಡೂ ಕೂಡುವ ಜಾಗದಲ್ಲಿ ಹೊಲಿಗೆಯ ದಾರದಷ್ಟು ತೆಳ್ಳಗೆ ನೀರು ಒಸರುತ್ತಿತ್ತು. ಎಂದೋ ಮೇಲಿನ ಹೊಲಗಳಲ್ಲಿ ಬಿದ್ದ ಮಳೆ, ಮಣ್ಣು ದಾಟಿ, ಗರಸಿನೊಳಗೆ ಇಳಿದು, ಬಂಡೆ ತಡೆದದ್ದರಿಂದ ಅದರ ಬೆನ್ನ ಮೇಲೆ ಹರಿದಾಡುತ್ತ, ತಗ್ಗು ಹುಡುಕುತ್ತ, ಯಾರ ಮರ್ಜಿಯೂ ಇಲ್ಲದೆ ಇಲ್ಲಿಗೆ ಬಂದು ಮುಟ್ಟಿತ್ತು. ಶಾಲೆಯಿದ್ದ ದಿಬ್ಬದ ಅಡಿಯಲ್ಲಿ ಅದು ನಿಲ್ಲುವ ಮಾತೇ ಇರಲಿಲ್ಲ. ನಾನು ಹುಡುಕಿದ ತಗ್ಗು ಆವರಣದ ಗೋಡೆಯೊಳಗಿನ ತಗ್ಗು. ನೀರಿಗೆ ನಮ್ಮ ಆವರಣದ ಗೋಡೆ ಗೊತ್ತಿರಲಿಲ್ಲ. ಆ ಒಸರನ್ನು ಹುಡುಗಿಯರು ದಿನಾ ನೋಡುತ್ತಿದ್ದರು. ಅವರು ನನ್ನ ಪಾಠ ತಪ್ಪಿಸಿಕೊಂಡು ಹೋಗುತ್ತಿದ್ದದ್ದು ಪಾಠ ಇದ್ದ ಜಾಗಕ್ಕೇ.

ಜ್ಞಾನೋದಯ ಆದ ಮಾತ್ರಕ್ಕೆ ಕೊಡ ಹಗುರಾಗುವುದಿಲ್ಲ. ಹುಡುಗಿಯರು ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಟ್ಟರು. ಹತ್ತು ಹೆಜ್ಜೆಗೆ ಕತ್ತು ನಡುಗಿತು, ಇಪ್ಪತ್ತಕ್ಕೆ ನೀರು ತುಳುಕಿ ಬೆನ್ನಿಗಿಳಿಯಿತು. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಗಂಡಸರು ಬಾಯಿ ನಿಲ್ಲಿಸಿ ನೋಡಿದರು. ಅದೇ ದಾರಿಯಲ್ಲಿ ಅವರ ಹೆಣ್ಣುಮಕ್ಕಳು ದಿನಾ ಎರಡು ಸಲ ಹೋಗುತ್ತಿದ್ದಾಗ ಒಬ್ಬನೂ ಕತ್ತೆತ್ತಿರಲಿಲ್ಲ. ಶಾಲೆ ಮುಟ್ಟುವ ಹೊತ್ತಿಗೆ ನನ್ನ ಕೊಡದಲ್ಲಿ ಅರ್ಧ ನೀರು ಉಳಿದಿತ್ತು. ಉಳಿದರ್ಧವನ್ನು ಸೀರೆ ಕುಡಿದಿತ್ತು. ಹೆಡ್‌ಮಾಸ್ತರರು ತಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡರು.

ಎರಡನೆಯ ದಿನವೂ ಹೊತ್ತೆ. ಮೂರನೆಯ ದಿನ ಊರಲ್ಲಿ ಮಾತು ಹುಟ್ಟಿತು: ವಿಜಾಪುರದ ಅಕ್ಕೋರು ನೀರು ಹೊರುತ್ತಿದ್ದಾರೆ, ನಮ್ಮ ಹುಡುಗರು ಕೂತು ಕುಡಿಯುತ್ತಿದ್ದಾರೆ. ಯಾರಿಗೆ ಮಾನ ಹೋಯಿತೋ ತಿಳಿಯದು, ನಾಲ್ಕನೆಯ ದಿನ ಏಳನೇ ವರ್ಗದ ಹುಡುಗರು ಎರಡು ಸೈಕಲ್ಲು ತಂದು, ಕ್ಯಾರಿಯರಿಗೆ ಹಗ್ಗ ಬಿಗಿದು, ಒಂದೊಂದಕ್ಕೆ ಎರಡೆರಡು ಕೊಡ ತೂಗುಹಾಕಿ, ಗಂಟೆ ಬಾರಿಸುತ್ತ ಹೊರಟರು. ತಲೆಯ ಮೇಲಿದ್ದಷ್ಟು ದಿನ ಅದು ಹೆಂಗಸರ ಚಾಕರಿ. ಸೈಕಲ್ಲು ಹತ್ತಿದ ಗಳಿಗೆಯಲ್ಲಿ ಗಂಡಸರ ಸಾಹಸ. ಹುಡುಗರು ಸೈಕಲ್ಲಿಗಾಗಿ ಪಾಳಿ ಬಿಟ್ಟು ಜಗಳಾಡತೊಡಗಿದರು. ಹೆಡ್‌ಮಾಸ್ತರರು ಅದನ್ನು ತಾವೇ ಹುಟ್ಟಿಸಿದ ಯೋಜನೆ ಎಂದು ತಪಾಸಣೆಗೆ ಬಂದ ಸಾಹೇಬರ ಮುಂದೆ ವರ್ಣಿಸಿದರು. ಸಾಹೇಬರು ಹರವಿಯ ನೀರು ಕುಡಿದು ಮೆಚ್ಚಿಕೊಂಡರು. ಒಣ ಗುಂಡಿಯನ್ನು ಯಾರೂ ಅವರಿಗೆ ತೋರಿಸಲಿಲ್ಲ.

ನಾನು ಹಾಜ್ರಾಬಿಯ ಮನೆಗೆ ಹೋದೆ. ಹಾಳೆ ನನ್ನಲ್ಲೇ ಇತ್ತು. ಸೊನ್ನೆಯ ಎಡಕ್ಕೆ ಒಂದು ಅಂಕಿ ಬರೆದು ಹತ್ತು ಮಾಡಿದ್ದೆ. ಸೊನ್ನೆಯನ್ನು ಹೊಡೆದು ಹಾಕುವಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿರಲಿಲ್ಲ.

"ತಪ್ಪ ನಂದು. ನಾಳೆ ಕಳಸ್ರಿ" ಎಂದೆ. ಈ ಸಲ ಬಹುವಚನ ಬಂತು. ಅದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಹಾಜ್ರಾಬಿ ಹಾಳೆಯನ್ನು ತಿರುಗಿಸಿ ನೋಡಿ, "ಈಗ ಆತ್ರಿ" ಎಂದಳು. ಹತ್ತಕ್ಕೆ ಹೇಳಿದಳೋ, ಸೈಕಲ್ಲಿಗೆ ಹೇಳಿದಳೋ, ನಾನು ಕೇಳಲಿಲ್ಲ. ಚಹಾ ಮಾಡಿಕೊಟ್ಟಳು.

ಮರುದಿನ ಮಧ್ಯಾಹ್ನ ಹುಡುಗಿಯರ ಕಡೆಯ ಚಾಪೆ ಮೊದಲ ಸಲ ತಾಸಿನ ಸುರುವಿಗೇ ಪೂರ್ತಿ ತುಂಬಿತು. ಲಾಲಬಿ ಎರಡನೇ ಸಾಲಿನಲ್ಲಿ ಕೂತಿದ್ದಳು. ನಾನು ಹಳ್ಳದ ಬಾವಿಯ ಗೋಡೆಯನ್ನು ಹಲಗೆಯ ಮೇಲೆ ಬರೆದು, ಮಣ್ಣು, ಗರಸು, ಬಂಡೆ ಎಂದು ಹೇಳುತ್ತ, ಸಮುದ್ರದ ಉಪ್ಪು ಸಮುದ್ರದಲ್ಲೇ ಉಳಿದು ನೀರಷ್ಟೇ ಆವಿಯಾಗುತ್ತದೆ, ಅದಕ್ಕೇ ಮಳೆಯ ನೀರು ಸಿಹಿ ಎಂದು ಮುಗಿಸಿದೆ. ಏನಾದರೂ ಕೇಳುವುದಿದ್ದರೆ ಕೇಳಿ ಎಂದೆ. ಹುಡುಗರಿಗೆ ಕೇಳುವುದೇನೂ ಇರಲಿಲ್ಲ. ಅವರಿಗೆ ಎಲ್ಲವೂ ಬಾಯಿಪಾಠ ಆಗಿತ್ತು.

ಲಾಲಬಿ ಎದ್ದು ನಿಂತಳು.

"ಅಕ್ಕೋರ, ಮಳಿ ನೀರಾಗ ಉಪ್ಪ ಇಲ್ಲಂದ್ರಿ. ಹಳ್ಳದ ಬಾವಿ ನೀರೂ ಮಳಿದು, ನಮ್ಮ ಓಣಿ ಬಾವಿ ನೀರೂ ಮಳಿದು. ಮತ್ತ ನಮ್ಮ ಓಣಿ ಬಾವ್ಯಾಗ ಉಪ್ಪ ಎಲ್ಲಿಂದ ಬಂತ್ರಿ?"

ನಾನು ಹಲಗೆಯ ಕಡೆ ತಿರುಗಿ ನನ್ನ ಬಂಡೆಯನ್ನು ನೋಡಿದೆ, ಗರಸನ್ನು ನೋಡಿದೆ. ಟ್ರೇನಿಂಗಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಕೆಲಸಕ್ಕೆ ಸೇರಿದಂದಿನಿಂದ ಒಮ್ಮೆಯೂ ವರ್ಗದಲ್ಲಿ ಆಡದ ಮಾತನ್ನು ಆಡಿದೆ.

"ಗೊತ್ತಿಲ್ಲವಾ."

ಹುಡುಗಿಯರೆಲ್ಲ ತಲೆ ತಗ್ಗಿಸಿ, ನೋಟುಬುಕ್ಕಿನಲ್ಲಿ ಅದನ್ನು ಬರೆದುಕೊಂಡರು.